ಮಾದರಿ ಪಾಠ

ಹುಡುಗಿ ಬರುವುದಿಲ್ಲ, ಇವತ್ತು ಬರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮೃದುಲಾ ಪಂಚವಟಿಯ ಓಣಿಯ ಏರನ್ನು ಹತ್ತುತ್ತಿದ್ದಳು. ಇನ್ನೂ ಬೆಳಗಿನ ಚಳಿ ಬಿಟ್ಟಿರಲಿಲ್ಲ. ನದಿಯಲ್ಲಿ ಮಿಂದು ತಲೆ ಬೋಳಿಸಿಕೊಂಡ ಯಾತ್ರಿಕರು ಒದ್ದೆ ಪಂಚೆಯಲ್ಲಿ ನಡುಗುತ್ತ ಎದುರಿಗೆ ಬರುತ್ತಿದ್ದರು. ಅವರ ನಡುವೆ ಆಟೋರಿಕ್ಷಾಗಳು ಹಾರ್ನು ಹಾಕುತ್ತ ನುಸುಳುತ್ತಿದ್ದವು. ಅವಳ ಕೈಚೀಲದಲ್ಲಿ ಒಂದು ನಿಂಬೆಹಣ್ಣು, ಒಂದು ಕಲ್ಲು, ಕಬ್ಬಿಣದ ಮೊಳೆ, ಹಳೆಯ ಬಾಟಲಿಯ ಬೂಚು, ಎರಡು ಆಲದ ಎಲೆ ಇದ್ದವು. ಹೊರಡುವಾಗ ಗಂಡ ರಘೋತ್ತಮ ಪೇಪರಿನಿಂದ ತಲೆಯೆತ್ತದೆ, "ಇವತ್ತ ನಿಂದs ಪರೀಕ್ಷಾ ಇದ್ದಂಗ ಅದ ಅಲ್ಲ?" ಎಂದು ನಕ್ಕಿದ್ದ. ಬ್ಯಾಂಕಿನ ಕೆಲಸದವನಿಗೆ ಇನ್ನೊಬ್ಬರ ಪರೀಕ್ಷೆ ತಮಾಷೆಯಾಗಿಯೇ ಕಾಣುತ್ತದೆ ಎಂದುಕೊಂಡು ಅವಳು ಉತ್ತರ ಕೊಡದೆ ಚಪ್ಪಲಿ ಮೆಟ್ಟಿದ್ದಳು. ಪರೀಕ್ಷೆಯ ಭಯ ಅವಳಿಗೆ ಇರಲಿಲ್ಲ. ನಿನ್ನೆ ಶಾಲೆ ಬಿಟ್ಟ ಮೇಲೆ ಮೆಟ್ಟಿಲ ತಿರುವಿನಲ್ಲಿ ಚನಬಸವ್ವನನ್ನು ನಿಲ್ಲಿಸಿ ತಾನು ಆಡಿದ ಮಾತು ಅವಳನ್ನು ರಾತ್ರಿಯಿಂದಲೂ ಬಿಡುತ್ತಿರಲಿಲ್ಲ. "ನಾಳೆ ಸಾಲಿಗೆ ಬರಬ್ಯಾಡವ್ವಾ. ನಾಡದು ಬಾ. ಬಾಯೋರು ಸೂಟಿ ಕೊಟ್ಟಾರಂತ ಮನ್ಯಾಗ ಹೇಳು." ಬೀದರಿನ ಕಡೆಯ ಆ ಎಂಟು ವರ್ಷದ ಹುಡುಗಿ ಮಳೆಗಾಲದಿಂದ ಅವಳ ತರಗತಿಯಲ್ಲಿ ಕೂತಿದ್ದಳು. ಇಷ್ಟು ದಿನಗಳಲ್ಲಿ ಮೃದುಲಾ ಅವಳೊಡನೆ ಕನ್ನಡದಲ್ಲಿ ಆಡಿದ ಮೊದಲ ಮಾತು ಅದು.

ಶಾಲೆ ಮರಾಠಿಯದು, ಶಿಕ್ಷಕಿಯರನ್ನು ಬಾಯಿ ಎಂದು ಕರೆಯುವುದು ಅಲ್ಲಿಯ ರೂಢಿ. ಈ ಜೂನಿನಿಂದ ಮಾತ್ರ ಮೂರನೆಯ ಇಯತ್ತೆಯ ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಕಲಿಸಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತ್ತು. ಇಂಗ್ಲಿಷನ್ನು ಇಂಗ್ಲಿಷೆಂದು ಕಲಿಸುವುದಲ್ಲ, ನೀರು ಗಾಳಿ ಬೀಜ ಎಲೆಗಳನ್ನೇ ಇಂಗ್ಲಿಷಿನಲ್ಲಿ ಹೇಳಿಕೊಟ್ಟರೆ ವಿಷಯದ ಬೆನ್ನಿಗೆ ಭಾಷೆ ತಾನಾಗಿ ಬರುತ್ತದೆ ಎಂಬುದು ಅವರ ನಂಬಿಕೆ. ಅದರ ತರಬೇತಿಗೆಂದು ಬೇಸಿಗೆಯಲ್ಲಿ ಅವಳನ್ನು ಔರಂಗಾಬಾದಿಗೆ ಕಳಿಸಿದ್ದರು. ಬಸ್ಸಿಳಿದಾಗ ಗೋಡೆಗಳ ಮೇಲೆಲ್ಲ ಸಂಭಾಜಿನಗರ ಎಂದು ಬಣ್ಣದಲ್ಲಿ ಬರೆದಿತ್ತು, ಕಂಡಕ್ಟರು ಮಾತ್ರ ಹಳೆಯ ಹೆಸರನ್ನೇ ಕೂಗುತ್ತಿದ್ದ. ಅಲ್ಲಿ ಚೌಸಾಳಕರ್ ಎಂಬ ನರೆತ ಮೀಸೆಯ ಮಾಸ್ತರರು ಆ ಸುಡುಬಿಸಿಲಿನಲ್ಲಿ ಪ್ರತಿಯೊಬ್ಬ ಶಿಕ್ಷಕಿಯ ಅಂಗೈಯಲ್ಲಿ ಒಂದೊಂದು ಮಂಜುಗಡ್ಡೆಯ ಚೂರನ್ನಿಟ್ಟು, ಅದು ಕರಗಿ ಬೆರಳ ಸಂದಿಯಿಂದ ಸೋರುವವರೆಗೆ ಸುಮ್ಮನಿದ್ದು, ಆಮೇಲೆ 'ಮೆಲ್ಟ್ಸ್' ಎಂದು ಒಂದೇ ಶಬ್ದ ಹೇಳಿದ್ದರು. ಆ ಶಬ್ದ ಮೈಗೆ ಇಳಿದಂತಾಗಿ ಮೃದುಲಾಗೆ ಕಣ್ಣು ಒದ್ದೆಯಾಗಿತ್ತು. ಗದಗಿನ ಕನ್ನಡ ಶಾಲೆಯಿಂದ ನೇರ ಧಾರವಾಡದ ಕಾಲೇಜಿಗೆ ಹೋಗಿ, ಪ್ರಾಧ್ಯಾಪಕರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಇಂಗ್ಲಿಷ್ ಬಾರದೆ ಇಡೀ ತಾಸು ನಿಂತೇ ಇದ್ದ ಹುಡುಗಿ ತಾನು. ನನಗೂ ಯಾರಾದರೂ ಹೀಗೆ ಕಲಿಸಿದ್ದರೆ ಎಂದು ಆ ದಿನ ಅನ್ನಿಸಿತ್ತು. ಊರಿಗೆ ಬರುವಾಗ ಬಸ್ಸಿನಲ್ಲಿ ಎಷ್ಟೆಲ್ಲ ಪಾಠಗಳನ್ನು ಮನಸ್ಸಿನಲ್ಲೇ ಹೆಣೆದಿದ್ದಳು! ಆದರೆ ತರಗತಿಯಲ್ಲಿ ಐವತ್ತು ಮಕ್ಕಳು, ತಿಂಗಳ ಪರೀಕ್ಷೆ, ಮುಖ್ಯಾಧ್ಯಾಪಿಕೆ ಗಾಯಧನಿ ಬಾಯಿಯವರ ಅವಸರ. ಮಂಜುಗಡ್ಡೆಯ ಮಾತು ಯಾವಾಗ ಹಿಂದೆ ಬಿತ್ತೋ ಅವಳಿಗೇ ತಿಳಿಯಲಿಲ್ಲ. ದೀಪಾವಳಿಯ ಹೊತ್ತಿಗೆ ಮಕ್ಕಳು ವಾಕ್ಯಗಳನ್ನು ಮಂತ್ರದ ಹಾಗೆ ಒಪ್ಪಿಸುತ್ತಿದ್ದರು. ಈಗ ಅದೇ ಚೌಸಾಳಕರ್ ಸರ್ ಮಾದರಿ ಪಾಠ ನೋಡಲು ಬರುತ್ತಿದ್ದರು. ಪಾಠ ಚೆನ್ನಾಗಿ ಆದರೆ ನಿಮ್ಮ ನೌಕರಿ ಕಾಯಂ ಎಂದು ಗಾಯಧನಿ ಬಾಯಿ ಹೇಳಿದ್ದರು. ಹೇಳಿದ ಉಸಿರಿನಲ್ಲೇ, "ಆ ಕರ್ನಾಟಕದ ಹುಡುಗಿ ಒಂದು ದಿನ ಮನೆಯಲ್ಲಿದ್ದರೆ ಯಾರಿಗೂ ನಷ್ಟವಿಲ್ಲ" ಎಂದೂ ಸೇರಿಸಿದ್ದರು.

ಆ ಕರ್ನಾಟಕದ ಹುಡುಗಿ. ತಾನೂ ಅಲ್ಲಿಯವಳೇ ಎಂಬುದು ಅವರಿಗೆ ಆ ಕ್ಷಣಕ್ಕೆ ಮರೆತಿತ್ತೋ, ನೆನಪಿಟ್ಟುಕೊಂಡೇ ಅಂದರೋ. ಮೃದುಲಾ ಸ್ಟಾಫ್ ರೂಮಿನಲ್ಲಿ ಮರಾಠಿ ಆಡುವುದನ್ನು ಬಹುಮಟ್ಟಿಗೆ ಬಿಟ್ಟಿದ್ದಳು. ಬಂದ ಹೊಸತರಲ್ಲಿ ಒಮ್ಮೆ ಮರಾಠಿಯಲ್ಲಿ ಹೆಣ್ಣಾದ ಕಿಟಕಿಯನ್ನು ಗಂಡಾಗಿಸಿ ಮಾತಾಡಿದ್ದಕ್ಕೆ ಎಲ್ಲರೂ ಎಷ್ಟು ಪ್ರೀತಿಯಿಂದ ನಕ್ಕಿದ್ದರೆಂದರೆ ಅವಳೂ ಜೊತೆಗೆ ನಗಬೇಕಾಗಿತ್ತು. ಆಮೇಲೆ ಬಾಗಿಲು, ಕುರ್ಚಿ, ಚಹ ಪ್ರತಿಯೊಂದೂ ಗಂಡೋ ಹೆಣ್ಣೋ ಎಂದು ಬಾಯಿ ತೆರೆಯುವ ಮುಂಚೆ ಯೋಚಿಸಿ ಯೋಚಿಸಿ ದಣಿದು, ಇಂಗ್ಲಿಷಿನ ನೆರಳಿಗೆ ಸರಿದಿದ್ದಳು. ಅಲ್ಲಿ ಕಿಟಕಿ ಕಿಟಕಿಯಷ್ಟೇ. ಇಂಗ್ಲಿಷ್ ಬಲ್ಲ ಬಾಯಿ ಎಂಬ ಹೆಸರು ಬಂದ ಮೇಲೆ ಯಾರೂ ನಗಲಿಲ್ಲ. ಇದರ ನಡುವೆ ಜುಲೈಯಲ್ಲಿ ಒಂದು ದಿನ ಎಣ್ಣೆ ಜಿನುಗುವ ಜಡೆಯ ಹುಡುಗಿಯೊಬ್ಬಳನ್ನು ತಂದು ಕೂರಿಸಿದರು. ತಂದೆ ವೈಜನಾಥ ಭಾಲ್ಕಿಯವನು, ಪಿಂಪಳಗಾಂವ್ ಬಸವಂತ್‌ನ ಉಳ್ಳಾಗಡ್ಡಿ ಮಾರ್ಕೆಟ್ಟಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ. ಹುಡುಗಿಗೆ ಮರಾಠಿ ಅಷ್ಟಕ್ಕಷ್ಟೆ, ಇಂಗ್ಲಿಷ್ ಇಲ್ಲವೇ ಇಲ್ಲ. ತರಗತಿಯವರು ಅವಳನ್ನು ಚನ್ನಾ ಎಂದು ಗಿಡ್ಡ ಮಾಡಿ ಕರೆದರು. ಇವಳೊಡನೆ ಒಂದು ಮಾತು ಕನ್ನಡದಲ್ಲಿ ಆಡಿದ್ದರೆ ಏನಾಗುತ್ತಿತ್ತು? ಇವತ್ತು ಬೇಡ ನಾಳೆ ಎಂದು ಮುಂದೂಡಿದ್ದೇ ಆಮೇಲೆ ಒಂದು ಸುಳ್ಳಿನ ಹಾಗೆ ಗಟ್ಟಿಯಾಯಿತು. ಒಂದು ಬುಧವಾರ ನದಿದಂಡೆಯ ಸಂತೆಯಲ್ಲಿ ಮೆಂತ್ಯದ ಸಿವುಡು ಹಿಡಿದು ರಘೋತ್ತಮನಿಗೆ ಕನ್ನಡದಲ್ಲಿ ಏನೋ ಗೊಣಗುತ್ತಿದ್ದಾಗ, ಪಕ್ಕದಲ್ಲಿ ತಾಯಿಯ ಸೆರಗು ಹಿಡಿದು ನಿಂತಿದ್ದ ಚನಬಸವ್ವ ಬಾಯಿ ತೆರೆದುಕೊಂಡು ತನ್ನನ್ನೇ ನೋಡುತ್ತಿದ್ದಳು. ಮರುದಿನದಿಂದ ಹುಡುಗಿ ಏನನ್ನೂ ಕೇಳಲಿಲ್ಲ. ಬಾಯಿ ಪಾಠ ಮಾಡುವಷ್ಟು ಹೊತ್ತೂ ಅವರ ತುಟಿಗಳನ್ನೇ ನೋಡುತ್ತ ಕೂತಳು, ಯಾವಾಗಲಾದರೊಮ್ಮೆ ಅಲ್ಲಿಂದ ತನ್ನದೊಂದು ಮಾತು ಜಾರಿ ಬೀಳಬಹುದು ಎನ್ನುವ ಹಾಗೆ.

ಶಾಲೆಯ ಗೇಟಿನಲ್ಲಿ ಮೊದಲು ಕಂಡವಳು ಅವಳೇ. ಒಗೆದು ಇಸ್ತ್ರಿ ಮಾಡಿದ ಅಂಗಿ, ನೀಲಿ ರಿಬ್ಬನ್ನಿನ ಎರಡು ಜಡೆ, ಹಣೆಯ ಮೇಲೆ ವಿಭೂತಿ. "ಬಾಯೋರ, ನಾ ಬಂದೀನ್ರಿ" ಎಂದು ಓಡಿಬಂದಳು. ಮೃದುಲಾ ನಿಂತಲ್ಲೇ ನಿಂತಳು. ನಿನ್ನೆ ಮೆಟ್ಟಿಲ ಮೇಲೆ ಈ ಮುಖ ಅರಳಿದ್ದು, ಕತ್ತು ಕಳಚುವಂತೆ ತಲೆಯಾಡಿಸಿದ್ದು ನೆನಪಾಯಿತು. ಬಾಯಿಯ ಬಾಯಲ್ಲಿ ಕನ್ನಡ ಕೇಳಿದ ಸಂಭ್ರಮದಲ್ಲಿ ಹುಡುಗಿ ಆ ಮಾತಿನ ಅರ್ಥವನ್ನೇ ಕಿವಿಗೆ ಹಾಕಿಕೊಂಡಿರಲಿಲ್ಲ. "ನಿನ್ನಿ ಏನ್ ಹೇಳಿದ್ದೆ..." ಎಂದು ಶುರುಮಾಡಿ, ವರಾಂಡದಲ್ಲಿ ಯಾರೋ ಬಂದಂತಾಗಿ, ಮೃದುಲಾ ಮಾತನ್ನು ಅಲ್ಲಿಗೇ ಬಿಟ್ಟು ಒಳಗೆ ನಡೆದಳು. ಗಾಯಧನಿ ಬಾಯಿ ಎದುರಾದವರು ಹುಡುಗಿಯನ್ನು ನೋಡಿದರು, ಇವಳನ್ನು ನೋಡಿದರು, ತಗ್ಗಿದ ದನಿಯಲ್ಲಿ "ಕೊನೆಯ ಬೆಂಚು" ಎಂದಷ್ಟೇ ಹೇಳಿ ಹೂಗುಚ್ಛದ ವ್ಯವಸ್ಥೆಗೆ ಹೋದರು.

ಪಾಠ ಹರಿಯುವ ನೀರಿನಂತೆ ಸಾಗಿತು. ಮೇಜಿನ ಮೇಲೆ ಬಕೆಟ್ಟು, ಹಿಂದಿನ ಕುರ್ಚಿಗಳಲ್ಲಿ ಚೌಸಾಳಕರ್ ಸರ್, ಗಾಯಧನಿ ಬಾಯಿ, ಆಡಳಿತ ಮಂಡಳಿಯ ಇಬ್ಬರು. ಮೃದುಲಾ ಕಲ್ಲನ್ನು ಎತ್ತಿ ಹಿಡಿದಳು, ತರಗತಿ ಒಂದೇ ದನಿಯಲ್ಲಿ "ಇಟ್ ಸಿಂಕ್ಸ್" ಎಂದಿತು, ಕಲ್ಲು ಮುಳುಗಿತು. ಎಲೆಯನ್ನು ಹಿಡಿದಳು, "ಇಟ್ ಫ್ಲೋಟ್ಸ್", ಎಲೆ ತೇಲಿತು. ಮೊಳೆ ಮುಳುಗಿತು, ಬೂಚು ತೇಲಿತು, ನಿಂಬೆಹಣ್ಣು ತೇಲಿತು. ಮಂಡಳಿಯವರು ತಲೆದೂಗುತ್ತಿದ್ದರು. ಅವಳ ದನಿ ಅವಳಿಗೇ ದೂರದಿಂದ ಕೇಳುತ್ತಿತ್ತು. ಮಕ್ಕಳ ಬಾಯಿ ವಸ್ತು ಕಾಣಿಸುವ ಮುಂಚೆಯೇ ತೆರೆದುಕೊಳ್ಳುತ್ತಿತ್ತು, ನೀರನ್ನು ಯಾರೂ ನೋಡುತ್ತಿರಲಿಲ್ಲ. ಚೌಸಾಳಕರ್ ಸರ್ ಅದನ್ನು ಗಮನಿಸಿದರೆಂದು ಅವಳಿಗೆ ತಿಳಿಯಿತು. ಅವರು ಎದ್ದು ವರಾಂಡಕ್ಕೆ ಹೋದರು. ಅಲ್ಲಿ ಶಾಲೆಯ ಕೆಲಸದ ಹೆಂಗಸು ಮಾವಶಿ ಅತಿಥಿಗಳ ಅವಲಕ್ಕಿಗೆಂದು ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದಳು. ಅವಳ ತಟ್ಟೆಯಿಂದ ಒಂದು ಇಡೀ ಗಡ್ಡೆಯನ್ನು ತಂದು ಮಕ್ಕಳ ಮುಂದೆ ಹಿಡಿದರು. "ಇದು?"

ಇದು ತಾಲೀಮಿನಲ್ಲಿ ಇರಲಿಲ್ಲ. ಮೊದಲ ಬೆಂಚಿನ ಜಾಣ ಹುಡುಗನೊಬ್ಬ ಧೈರ್ಯಮಾಡಿ "ಇಟ್ ಸಿಂಕ್ಸ್" ಎಂದ, ಉಳಿದವರೂ ಅದನ್ನೇ ಹಿಡಿದು ಕೂಗಿದರು. ಆಗ ಹಿಂದಿನಿಂದ, ಕೂಗಿಗಿಂತ ಒಂದು ಗಳಿಗೆ ತಡವಾಗಿ, ತೆಳ್ಳನೆಯ ದನಿಯೊಂದು, "ತೇಲ್ತದ್ರಿ. ನಮ್ಮ ಮನ್ಯಾಗ ಹಂಡೇದಾಗ ಬಿದ್ದಿತ್ತು, ತೇಲ್ತಿತ್ರಿ" ಎಂದಿತು.

ಮಕ್ಕಳಿಗೆ ಕೇಳಿಸಿದ್ದು 'ತೇಲ್' ಮಾತ್ರ. ಮರಾಠಿಯಲ್ಲಿ ಅದು ಎಣ್ಣೆ. "ತೇಲ್! ತೇಲ್!" ಎಂದು ಯಾರೋ ಪಿಸುಗುಟ್ಟಿದರು, ನಗು ಬೆಂಚಿನಿಂದ ಬೆಂಚಿಗೆ ಹಾರಿತು, ಒಬ್ಬ ಅವಳ ಎಣ್ಣೆಜಡೆಯ ಕಡೆ ಬೆರಳು ತೋರಿಸಿದ. ಚೌಸಾಳಕರ್ ಸರ್ ಕೈಯೆತ್ತಿ ನಗುವನ್ನು ತಡೆದು ಇಂಗ್ಲಿಷಿನಲ್ಲಿ, "ಎಣ್ಣೆ ಏಕೆ ಅಂದಳು ಈಕೆ? ಏನು ಹೇಳುತ್ತಿದ್ದಾಳೆ?" ಎಂದು ಕೇಳಿ ಮೃದುಲಾಳ ಕಡೆ ತಿರುಗಿದರು. ಎಲ್ಲರೂ ತಿರುಗಿದರು. ಗಾಯಧನಿ ಬಾಯಿಯ ಮುಖ ಅವಳಿಗೆ ಕಾಣಿಸಿತು. ಅದರ ಹಿಂದೆ, ಎದ್ದು ನಿಂತಿದ್ದ ಹುಡುಗಿಯ ಮುಖ. ಅದರಲ್ಲಿ ಹೆದರಿಕೆಯೇ ಇರಲಿಲ್ಲ. ನಮ್ಮವರೊಬ್ಬರು ಅಲ್ಲಿ ನಿಂತಿದ್ದಾರಲ್ಲ ಎಂಬ ನೆಮ್ಮದಿ ಇತ್ತು. ಹೇಳುವುದು ಎಷ್ಟರ ಮಾತು, ಎರಡು ಶಬ್ದ. ಆದರೆ ಆ ಎರಡು ಶಬ್ದಗಳ ಹಿಂದೆ ಇಷ್ಟು ತಿಂಗಳು ಏಕೆ ಸುಮ್ಮನಿದ್ದೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಹಾಗೆಂದು ಅವಳು ಯೋಚಿಸಿದಳೆಂದೂ ಅಲ್ಲ. ಯೋಚಿಸುವಷ್ಟರಲ್ಲಿ ಅವಳ ಬಾಯಿ ಆಗಲೇ ಉತ್ತರ ಕೊಟ್ಟಿತ್ತು. "ಐ ಡೋಂಟ್ ನೋ, ಸರ್." ಆ ದಿನದ ಪಾಠದಲ್ಲಿ ತಾಲೀಮಿಲ್ಲದೆ, ತಡವರಿಸದೆ, ಒಂದೂ ತಪ್ಪಿಲ್ಲದೆ ಹೊರಬಿದ್ದ ಇಂಗ್ಲಿಷ್ ವಾಕ್ಯ ಅದೊಂದೇ.

ಸರ್ ಒಂದು ಕ್ಷಣ ಅವಳನ್ನೇ ನೋಡಿ ಗಡ್ಡೆಯನ್ನು ನೀರಿಗೆ ಬಿಟ್ಟರು. ಅದು ಒಮ್ಮೆ ಒಳಗೆ ಹೋಗಿ, ಮೇಲೆ ಬಂದು, ಹೊರಳಿ ತೇಲಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಚನಬಸವ್ವನೂ ತಟ್ಟಿದಳು.

ಆಮೇಲೆ ಆಫೀಸಿನಲ್ಲಿ ಅವಲಕ್ಕಿ, ಚಹ, ಮಂಡಳಿಯವರ ಅಭಿನಂದನೆ. ಮುಂದಿನ ವರ್ಷ ಗಣಿತವನ್ನೂ ಇಂಗ್ಲಿಷಿಗೆ ತರೋಣ, ಮೃದುಲಾ ಬಾಯಿಯವರೇ ನೋಡಿಕೊಳ್ಳಲಿ ಎಂದು ಗಾಯಧನಿ ಬಾಯಿ ಎಲ್ಲರಿಗೂ ಕೇಳುವಂತೆ ಹೇಳಿದರು. ಕಾಯಂ ಆದಂತೆಯೇ. ಮೃದುಲಾ ನಗುತ್ತ ಕೂತಿದ್ದಳು. ಕೆನ್ನೆ ನೋಯುತ್ತಿತ್ತು. ಚೌಸಾಳಕರ್ ಸರ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದು, ಯಾರೂ ಕೇಳದಂತೆ ಮರಾಠಿಯಲ್ಲಿ, "ನಿಮ್ಮ ಊರು ಯಾವುದು?" ಎಂದರು. "ಗದಗ, ಸರ್." "ಹಾಗಾದರೆ ನಿಮ್ಮ ಮಾತು ಕನ್ನಡ." "ಹೌದು ಸರ್." "ಆ ಹುಡುಗಿ?" ಮೃದುಲಾ ಬಸಿಯ ಅಂಚನ್ನು ನೋಡುತ್ತ, "ಬೀದರಿನ ಕಡೆಯವಳು" ಎಂದಳು. ಸರ್ ಚಹದ ಮೇಲಿನ ಕೆನೆಯನ್ನು ಚಮಚದಿಂದ ನಿಧಾನ ಸರಿಸಿ ಬಸಿಯ ಅಂಚಿಗೆ ಹಾಕಿದರು. ಗದರಿಸಿದ್ದರೆ ಅವಳು ಅತ್ತುಬಿಡುತ್ತಿದ್ದಳು, ಹಗುರಾಗುತ್ತಿತ್ತು. ಹೊರಡುವಾಗ ಅವರು ಎಲ್ಲರಿಗೂ ಕೈಮುಗಿದಂತೆ ಅವಳಿಗೂ ಕೈಮುಗಿದರು.

ಸಂಜೆ ಬಾಗಿಲು ಬಡಿದ ಸದ್ದಾದಾಗ ಅವಳು ದೀಪ ಹಚ್ಚದೆ ಒಳಕೋಣೆಯಲ್ಲಿ ಒರಗಿದ್ದಳು. ಮಗಳು ಅಲಕಾ ಬಾಗಿಲು ತೆಗೆದು, "ಆಯಿ, ಕುಣೀತರೀ ಆಲಂಯ್" ಎಂದು ಕೂಗಿದಳು, ಯಾರೋ ಬಂದಿದ್ದಾರೆ ಎಂದು. ಹೊರಗೆ ಚನಬಸವ್ವ, ಅವಳ ಕೈ ಹಿಡಿದು ಮೂವತ್ತರ ಒಳಗಿನ ಒಬ್ಬ ಹೆಂಗಸು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆಯ ಗಂಟು. ಶಾಲೆಯ ಮಾವಶಿಯನ್ನು ಕೇಳಿ ಮನೆ ಹುಡುಕಿಕೊಂಡು ಬಂದಿದ್ದಳು. "ನಾ ಪ್ರೇಮಾಬಾಯಿರಿ, ಈಕಿ ಅವ್ವ" ಎಂದು ಹೊಸ್ತಿಲ ಹೊರಗೇ ನಿಂತು ಹೇಳಿದಳು. ಮೃದುಲಾ ಒಳಗೆ ಕರೆದು ಚಾಪೆ ಹಾಸಿದಳು.

"ನಿನ್ನಿ ಮನಿಗಿ ಬಂದಾಕಿ ಒಂದೇ ಸಮ ಕುಣ್ಯಾಕತ್ತಿದಳ್ರಿ. ಬಾಯೋರು ನನ್ನ ಸಂಗಾಟ ನಮ್ಮ ಮಾತಿನಾಗ ಮಾತಾಡ್ಯಾರ ಅಂತ. ಏನ್ ಮಾತಾಡಿದ್ರವ್ವಾ ಅಂದ್ರ ಅದು ನೆನಪಿಲ್ಲ" ಎಂದು ಪ್ರೇಮಾಬಾಯಿ ನಕ್ಕಳು. "ಇಷ್ಟ್ ದಿನ ಸಾಲಿಗಿ ಹೋಗ್ ಅಂದ್ರ ಹೊಟ್ಟಿ ನೋವು ಅಂತಿದ್ಳು. ಇವತ್ತ ನಸುಕಿನ್ಯಾಗ ಎದ್ದು ತಾನೇ ಜಳಕ ಮಾಡ್ಯಾಳರಿ."

"ಚಲೋ ಹುಡುಗಿ" ಎಂದಳು ಮೃದುಲಾ.

"ಮತ್ತ ಇವತ್ತ ದೊಡ್ಡ ಸಾಹೇಬ್ರು ಬಂದಿದ್ರಂತಲ್ರಿ. ಈಕಿ ಹೇಳಿದ್ದು ಅವರಿಗಿ ತಿಳೀಲಿಲ್ಲಂತ, ನೀವು ಇಂಗ್ಲಿಷ್‌ನಾಗ ತಿಳಿಸಿ ಹೇಳಿದ್ರಂತ. ಆಮ್ಯಾಲ ಅವ್ರು ನೀರಾಗ ಹಾಕಿ ನೋಡಿದ್ರಂತ, ಎಲ್ಲಾರೂ ಚಪ್ಪಾಳಿ ಹೊಡದ್ರಂತ. ಇವರಪ್ಪಗ ಮೂರ್ ಸಲ ಹೇಳ್ಯಾಳರಿ."

ಮೃದುಲಾ ಹುಡುಗಿಯನ್ನು ನೋಡಿದಳು. ಹುಡುಗಿ ಸುಳ್ಳು ಹೇಳಿರಲಿಲ್ಲ. ತಾನು ಹೇಳಿದ್ದು, ಸಾಹೇಬರು ಕೇಳಿದ್ದು, ಬಾಯಿಯವರು ಇಂಗ್ಲಿಷಿನಲ್ಲಿ ಏನೋ ಅಂದದ್ದು, ಗಡ್ಡೆ ತೇಲಿದ್ದು ಎಲ್ಲವೂ ಅವಳ ಕಣ್ಣೆದುರು ಆ ಕ್ರಮದಲ್ಲೇ ನಡೆದಿತ್ತು. 'ನನಗೆ ಗೊತ್ತಿಲ್ಲ' ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಆ ತರಗತಿಯಲ್ಲಿ ಯಾರಿಗೂ ಕಲಿಸಿರಲಿಲ್ಲ. ಜೂನಿನಿಂದ ತಾನು ಬರೆಸಿದ್ದೆಲ್ಲ ಉತ್ತರಗಳು.

"ಇಲ್ರಿ" ಎಂದಳು. "ನಾ ಹಂಗ ಹೇಳಲಿಲ್ರಿ. ನಾ ಏನೂ ಹೇಳಲಿಲ್ಲ."

"ಮಾಡಿದ್ದು ಮಾಡೀನಿ ಅನ್ನಲ್ಲ ನಿಮ್ಮಂಥೋರು" ಎಂದು ಪ್ರೇಮಾಬಾಯಿ ಗಂಟನ್ನು ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಹಿಂಡಿ. "ಇಲ್ಲಿ ಜ್ವಾಳ ಸುಮಾರರಿ. ಊರಿಂದ ಬಂದಿದ್ದು, ಅದಕ್ಕs ತಂದೆ." ಇನ್ನೊಮ್ಮೆ ಹೇಳಬೇಕು, ಬಿಡಿಸಿ ಹೇಳಬೇಕು ಎಂದು ಮೃದುಲಾ ಬಾಯಿ ತೆರೆಯುವಷ್ಟರಲ್ಲಿ ಹೊರಗಿನ ಕಟ್ಟೆಯಿಂದ ನಗು ಕೇಳಿತು. ಹುಡುಗಿಯರಿಬ್ಬರೂ ಯಾವಾಗಲೋ ಹೊರಗೆ ಹೋಗಿ ಕಲ್ಲಾಟ ಹೂಡಿದ್ದರು. ಅಲಕಾ ಮರಾಠಿಯಲ್ಲಿ ಆಜ್ಞೆ ಮಾಡುತ್ತಿದ್ದಳು, ಚನಬಸವ್ವ ತುಂಡು ತುಂಡು ಮರಾಠಿಯಲ್ಲಿ ಒಪ್ಪಿಕೊಳ್ಳುತ್ತಿದ್ದಳು. ಪ್ರೇಮಾಬಾಯಿ ಕಿವಿಗೊಟ್ಟು ಕೇಳಿ ಮೆಲ್ಲಗೆ, "ನಿಮ್ಮ ಮಗಳಿಗಿ ಕನ್ನಡ ಬರಂಗಿಲ್ಲೇನ್ರಿ?" ಎಂದಳು. "ತಿಳೀತದರಿ. ಮಾತಾಡಂಗಿಲ್ಲ." "ಇರ್ಲಿ ಬಿಡ್ರಿ" ಎಂದು ಪ್ರೇಮಾಬಾಯಿ ಸಮಾಧಾನ ಹೇಳಿದಳು, ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಎಂದು ಕೇಳಿದವರ ಹಾಗೆ. ಅವರು ಹೋದ ಮೇಲೆ ರಘೋತ್ತಮ ಬಂದು ರೊಟ್ಟಿ ಮುರಿದು ಬಾಯಿಗಿಟ್ಟು, "ಯಾರ್ ಕೊಟ್ಟ್ರು? ಭಾಳ ಛಲೋ ಅವ" ಎಂದ. ಮೃದುಲಾ ತಿನ್ನಲಿಲ್ಲ. ತಿನ್ನದಿರುವುದೂ ಒಂದು ನಾಟಕವೆನ್ನಿಸಿ, ಆಮೇಲೆ ಒಂದು ರೊಟ್ಟಿ ತಿಂದಳು.

ಮರುದಿನ ಹಾಜರಿ ಮುಗಿಸಿದವಳೇ ಅವಳು ನೇರ ಕೊನೆಯ ಬೆಂಚಿಗೆ ಹೋದಳು. ಚನಬಸವ್ವನ ಪುಸ್ತಕ, ಚೀಲ ಎತ್ತಿ ಎರಡನೆಯ ಸಾಲಿಗೆ ತಂದಿಟ್ಟಳು. ನಂತರ ಇಡೀ ತರಗತಿಗೆ ಕೇಳುವಂತೆ, "ನಿನ್ನಿ ನೀ ಹೇಳಿದ್ದು ಖರೇ ಇತ್ತವ್ವಾ. ನನಗ ತಿಳಿದಿತ್ತು. ನಾನs ಸಾಹೇಬರಿಗೆ ಹೇಳಲಿಲ್ಲ" ಎಂದಳು. ರಾತ್ರಿಯೆಲ್ಲ ಹೊಂದಿಸಿಟ್ಟ ಮಾತು. ಬಾಯಿಯ ಬಾಯಿಂದ ಬಂದ ಆ ವಿಚಿತ್ರ ಸದ್ದಿಗೆ ಮಕ್ಕಳು ಕಣ್ಣರಳಿಸಿದರು. ಮೊದಲು ಯಾರೋ ಒಬ್ಬ ಕಿಸಕ್ಕೆಂದ, ಆಮೇಲೆ ನಗು ಕೋಣೆಯನ್ನೇ ತುಂಬಿತು. "ತೇಲ್! ತೇಲ್!" ನಿನ್ನೆ ಮಧ್ಯಾಹ್ನದ ಸೂಟಿಯಲ್ಲಿ ಇದು ಎಷ್ಟು ಸಲ ಕೇಳಿತ್ತೋ ಹುಡುಗಿಗೆ. ಅವಳ ಕಿವಿಯವರೆಗೂ ಕೆಂಪೇರಿತ್ತು. ಬೆಂಚಿನ ಮೇಲೆ ಬಗ್ಗಿ, ಮೃದುಲಾಗೆ ಮಾತ್ರ ಕೇಳುವಂತೆ, "ಬ್ಯಾಡ್ರಿ ಬಾಯೋರ. ಇಲ್ಲಿ ಬ್ಯಾಡ್ರಿ, ನಗ್ತಾರ" ಎಂದಳು.

ತನ್ನ ಭಾರ ಇಳಿಸಿಕೊಳ್ಳಲು ಹೋಗಿ ಅದನ್ನು ಈ ಮಗುವಿನ ತಲೆಯ ಮೇಲೆ ಇಟ್ಟೆನಲ್ಲ ಎಂದು ಮೃದುಲಾಗೆ ಅನ್ನಿಸಿತು. ನಗುವವರನ್ನು ಅವಳು ಗದರಿಸಲಿಲ್ಲ. ಹೋಗಿ ಹಲಗೆಯ ಮೇಲೆ ಇವತ್ತಿನ ಪಾಠದ ಹೆಸರು ಬರೆದಳು. ಮೂಳೆಗಳು. ನಿಮ್ಮ ಮೊಣಕೈ ಮುಟ್ಟಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಹೇಳಿ ತನ್ನ ಮೊಣಕೈ ಮುಟ್ಟಿಕೊಂಡಳು. ನಗು ತಗ್ಗಿತು, ಐವತ್ತು ಮಕ್ಕಳು ಮೊಣಕೈ ಹಿಡಿದುಕೊಂಡರು. ಒಳಗೆ ಏನಿದೆ, ಒತ್ತಿ ನೋಡಿ ಎಂದಳು. ಒತ್ತಿ ನೋಡಿದರು. ಇವತ್ತಿನ ಉತ್ತರವನ್ನು ಅವಳು ಮೊದಲೇ ಬರೆಸಿರಲಿಲ್ಲ. ಮುಂದಿನ ಬೆಂಚಿನವರು ಹಲಗೆಯ ಮೇಲೆ ವಾಕ್ಯಕ್ಕಾಗಿ ಹುಡುಕಿ, ಕಾಣದೆ, ಒಬ್ಬರನ್ನೊಬ್ಬರು ನೋಡಿಕೊಂಡರು. ಎರಡನೆಯ ಸಾಲಿನಲ್ಲಿ ಒಂದು ಕೈ ಅರ್ಧ ಎದ್ದು, ಇಳಿದು, ಮತ್ತೆ ಅರ್ಧ ಎದ್ದಿತು.

"ಯೆಸ್, ಚನಬಸವ್ವ."

ಪೂರ್ತಿ ಹೆಸರು ಕೇಳಿ ಹುಡುಗಿಗೆ ತನ್ನನ್ನೇ ಕರೆದದ್ದೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಎದ್ದು ನಿಂತಳು. ಒಂದು ಕೈಯಿಂದ ಇನ್ನೊಂದು ಕೈಯ ಮೊಣಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. "ಇನ್... ಇನ್ ಮೈ..." ಎಂದಳು, ನಿಂತಳು. ತುಟಿಗಳು ಸದ್ದಿಲ್ಲದೆ ಅಲುಗುತ್ತಿದ್ದವು. ಮೊದಲ ಬೆಂಚಿನ ಹುಡುಗ ಹೇಳಿಕೊಡಲು ಬಾಯಿ ತೆರೆದ, ಮೃದುಲಾ ಅವನ ಭುಜದ ಮೇಲೆ ಕೈಯಿಟ್ಟಳು. ವರಾಂಡದಲ್ಲಿ ಹಾದುಹೋಗುತ್ತಿದ್ದ ಗಾಯಧನಿ ಬಾಯಿ ಬಾಗಿಲಲ್ಲಿ ನಿಂತು ಒಳಗೆ ನೋಡಿದರು. ಹುಡುಗಿಯನ್ನು ಕಂಡು ಮುಖ ಬಿಗಿಯಿತು. ಮುಂದೆ ನಡೆಸಿ, ಬೇರೆಯವರನ್ನು ಕೇಳಿ ಎಂದು ಬೆರಳಾಡಿಸಿ ಸನ್ನೆ ಮಾಡಿದರು. ಮೃದುಲಾ ಆ ಸನ್ನೆಯನ್ನು ನೋಡಿದಳು. ನೋಡಿ, ಮೊದಲ ಬೆಂಚಿನ ಅಂಚಿನಲ್ಲಿ ಮಕ್ಕಳ ಪಕ್ಕಕ್ಕೆ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು, ಹುಡುಗಿಯ ತುಟಿಗಳನ್ನೇ ನೋಡುತ್ತ ಕಾದಳು.